ಎರೆಹೊಲದ ಹಸಿರು ಹಾವು ಮತ್ತು ಮುಕ್ಕೋನ ತಲೆಯ ನಿಯಮ

ಹಾವಿನ ತಲೆ ಮುಕ್ಕೋನವಾಗಿದ್ದರೆ ಅದು ವಿಷದ ಹಾವು, ತಲೆ ಕುತ್ತಿಗೆಯ ದಪ್ಪಕ್ಕೆ ಸಮನಾಗಿ ನೀಳವಾಗಿದ್ದರೆ ವಿಷವಿಲ್ಲದ್ದು ಎಂಬ ನಿಯಮವು ಶಾಲೆಯ ಗೋಡೆಪಟ, ಜಾಗೃತಿ ಭಾಷಣ, ಮೊಬೈಲಿನಿಂದ ಮೊಬೈಲಿಗೆ ದಾಟುವ ಚಿತ್ರ ಇವುಗಳ ಮೂಲಕ ಹಳ್ಳಿಹಳ್ಳಿಗೂ ತಲುಪಿ, ಮೂಢನಂಬಿಕೆಯನ್ನು ಅಳಿಸಲು ಬಂದ ವಿಜ್ಞಾನದ ಮಾತು ಎಂಬ ಮರ್ಯಾದೆಯನ್ನೂ ಗಳಿಸಿಕೊಂಡಿದೆ. ಹಸಿರು ಹಾವುಗಳ ಮಟ್ಟಿಗೆ ಈ ನಿಯಮಕ್ಕೆ ಇನ್ನೂ ಹೆಚ್ಚಿನ ಚಲಾವಣೆ, ಏಕೆಂದರೆ ಕರ್ನಾಟಕದಲ್ಲಿ ಹಸಿರು ಮೈಯ ನಿರುಪದ್ರವಿ ಹಾವುಗಳೂ ಹಸಿರು ಮೈಯ ವಿಷಮಂಡಲಗಳೂ ಇದ್ದು, ಬಣ್ಣದಿಂದ ಬಗೆಹರಿಯದ್ದನ್ನು ತಲೆಯ ಆಕಾರ ಬಗೆಹರಿಸುತ್ತದೆ ಎಂದು ನಂಬಲಾಗಿದೆ. ಈ ನಂಬಿಕೆಯನ್ನು ಗದಗ ಜಿಲ್ಲೆಯ ಸೂಡಿಯಲ್ಲಿ, ಅದರ ಸುತ್ತಲಿನ ರೋಣ, ಗಜೇಂದ್ರಗಡ, ನರಗುಂದ ಸೀಮೆಯಲ್ಲಿ ಇಟ್ಟು ನೋಡಿದರೆ, ಅದು ಕೊಲ್ಲಬೇಕಿಲ್ಲದ ಹಾವನ್ನು ಕೊಲ್ಲಿಸುತ್ತದೆ, ಹೆದರಬೇಕಾದ ಹಾವಿನ ಎದುರು ಧೈರ್ಯ ತುಂಬುತ್ತದೆ. ಎರಡೂ ಕಡೆ ತಪ್ಪುವ ನಿಯಮಕ್ಕೆ ಸರಳತೆಯ ವಿನಾಯಿತಿ ಸಲ್ಲದು.

ಸೂಡಿಯನ್ನು ಇತಿಹಾಸದ ಓದುಗರು ಕಲ್ಯಾಣ ಚಾಲುಕ್ಯರ ಕಾಲದ ಜೋಡುಕಳಸದ ಗುಡಿ, ಮಲ್ಲಿಕಾರ್ಜುನ ಗುಡಿ, ಕೆತ್ತನೆಯ ಗೋಡೆಗಳ ನಾಗಕುಂಡ ಇವುಗಳಿಂದ ಬಲ್ಲರು. ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ನಾಡನ್ನು ಆಳಿದ ಅಕ್ಕಾದೇವಿಯ ಹೆಸರೂ ಇಲ್ಲಿದ್ದ ಟಂಕಸಾಲೆಯ ನೆನಪೂ ಊರಿಗೆ ಅಂಟಿಕೊಂಡಿವೆ. ಹಾವಿನ ವಿಚಾರಕ್ಕೆ ಮುಖ್ಯವಾದುದು ಗುಡಿಗಳಲ್ಲ, ಗುಡಿಗಳ ಸುತ್ತಲಿನ ನೆಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಈ ಸೀಮೆಯಲ್ಲಿ ಮುಂಗಾರಿಗೆ ಹೆಸರು, ಶೇಂಗಾ, ಗೋವಿನಜೋಳ, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುವ ಎರೆಹೊಲಗಳು, ನಡುನಡುವೆ ಜಾಲಿ ಮತ್ತು ಬೇವು, ಬದುವಿನ ಮುಳ್ಳುಕಂಟಿ, ಗಜೇಂದ್ರಗಡದ ಕಡೆಗೆ ಬೋಳು ಕಲ್ಲುಗುಡ್ಡ ಇವೆ. ಎಲೆ ದಟ್ಟೈಸಿದ ಮಲೆಕಾಡು, ಬಿದಿರ ಮೆಳೆ, ವರ್ಷವಿಡೀ ತೇವ ಆರದ ಹಳ್ಳದ ದಂಡೆ ಇಲ್ಲ. ಯಾವ ಹಸಿರು ಹಾವು ಇಲ್ಲಿ ಬದುಕಬಲ್ಲದು, ಯಾವುದು ಬದುಕಲಾರದು ಎಂಬುದನ್ನು ಹಾವಿನ ತಲೆಗಿಂತ ಮೊದಲು ಈ ನೆಲವೇ ಹೇಳುತ್ತದೆ, ಆದರೆ ಗೋಡೆಪಟದಲ್ಲಿ ನೆಲಕ್ಕೆ ಜಾಗವಿಲ್ಲ.

ಈ ನೆಲದಲ್ಲಿ ಕಾಣಸಿಗುವ ಹಸಿರು ಹಾವುಗಳು ಮುಖ್ಯವಾಗಿ ಎರಡು. ಮೊದಲನೆಯದು ಮಳೆ ಬಿದ್ದ ಮೇಲೆ ಹುಲ್ಲಿನಲ್ಲಿ, ಬದುವಿನಲ್ಲಿ, ಹೆಸರಿನ ಸಾಲುಗಳ ನಡುವೆ ಹೊರಬೀಳುವ, ಒಂದೆರಡು ಅಡಿ ಉದ್ದದ, ಗಿಡ್ಡ ಬಾಲದ ನೆಲವಾಸಿ. ಪುಸ್ತಕಗಳಲ್ಲಿ ಇದಕ್ಕೆ ಗ್ರೀನ್ ಕೀಲ್‌ಬ್ಯಾಕ್ ಎಂಬ ಹೆಸರಿದೆ. ಕೀಲ್ ಎಂದರೆ ಏಣು, ಅಂದರೆ ಬೆನ್ನಿನ ಪ್ರತಿಯೊಂದು ಹುರುಪೆಯ ನಡುವೆ ಉದ್ದಕ್ಕೆ ಎದ್ದ ಸಣ್ಣ ದಿಂಡು, ಅದರಿಂದಾಗಿ ಇದರ ಮೈ ಮಿರುಗದೆ ಹುಲ್ಲಿನಷ್ಟೇ ಮಂಕಾಗಿ ಕಾಣುತ್ತದೆ. ಮರಿಯ ಕುತ್ತಿಗೆಯ ಮೇಲೆ ಬಾಣದ ಮೊನೆಯಂಥ ಕಪ್ಪು ಗುರುತೂ ಹಳದಿಯ ಪಟ್ಟಿಯೂ ಇದ್ದು, ಬೆಳೆದಂತೆ ಎರಡೂ ಮಾಸುತ್ತವೆ. ಇದರ ಮುಖ್ಯ ಆಹಾರ ನೆಲಗಪ್ಪೆ, ಅಂದರೆ ಮೈಮೇಲಿನ ಗಂಟುಗಳಲ್ಲಿ ವಿಷರಸ ಹೊತ್ತಿರುವ, ಅನೇಕ ಹಾವುಗಳು ಬಾಯಿಗೆ ಹಾಕಿಕೊಳ್ಳಲು ಹಿಂಜರಿಯುವ ಒರಟು ಚರ್ಮದ ಕಪ್ಪೆ. ಕಚ್ಚುವುದಕ್ಕಿಂತ ಹೆದರಿಸುವುದೇ ಇದರ ದಾರಿ: ಕೆಣಕಿದಾಗ ಮೈಯ ಮುಂಭಾಗವನ್ನು ತುಸು ಎತ್ತಿ, ತಲೆಯನ್ನೂ ಕುತ್ತಿಗೆಯನ್ನೂ ಚಪ್ಪಟೆಯಾಗಿ ಅಗಲಿಸುತ್ತದೆ. ಆ ಗಳಿಗೆಯಲ್ಲಿ ಅದು ನಾಗರದ ಮರಿಯೂ ಆಗಬಹುದು, ಮಂಡಲದ ಮರಿಯೂ ಆಗಬಹುದು. ನೋಡುವವರ ಭಯ ಯಾವ ಕಡೆ ವಾಲಿದೆಯೋ ಆ ಹಾವಾಗುತ್ತದೆ. ಮುಕ್ಕೋನ ತಲೆಯ ನಿಯಮವನ್ನು ಕಲಿತವರ ಕಣ್ಣಿಗೆ ಆಗ ಕಾಣುವುದು ಮುಕ್ಕೋನವೇ, ಆದ್ದರಿಂದ ಕೈಗೆ ಬರುವುದು ಬಡಿಗೆಯೇ.

ಎರಡನೆಯದು ಹಸಿರು ಬಳ್ಳಿಹಾವು. ಬೇಲಿ, ಕೆರೆಬದಿಯ ಪೊದೆ, ತೋಟದ ಗಿಡಗಳಲ್ಲಿ ಹಗಲು ಹೊತ್ತು ತಿರುಗುವ ಇದು ನಾಲ್ಕೈದು ಅಡಿ ಉದ್ದವಿದ್ದರೂ ಚಾವಟಿಯಷ್ಟೇ ಸಪೂರ, ಮೂತಿ ಮೊನಚು, ಗಾಳಿಗೆ ಬಳ್ಳಿ ತೂಗಿದಂತೆ ತೂಗುತ್ತ ಓತಿಕ್ಯಾತ, ಕಪ್ಪೆ, ಸಣ್ಣ ಹಕ್ಕಿಗಳನ್ನು ಹಿಡಿಯುತ್ತದೆ, ಮೊಟ್ಟೆಯಿಡದೆ ಮರಿ ಹಾಕುತ್ತದೆ. ಇದರ ಕಣ್ಣಿನ ಪಾಪೆ ಅಡ್ಡಕ್ಕೆ ಮಲಗಿಸಿದ ಬೀಗದ ಕಿಂಡಿಯಂತಿದ್ದು, ಮೂತಿಯ ಇಕ್ಕೆಲದ ತಗ್ಗುಗೆರೆಗಳ ನೆರವಿನಿಂದ ಎರಡೂ ಕಣ್ಣುಗಳು ಮುಂದಿನ ಒಂದೇ ವಸ್ತುವನ್ನು ನೋಡಿ ದೂರವನ್ನು ಅಳೆಯಬಲ್ಲವು. ಹಾವುಗಳಲ್ಲಿ ಅಪರೂಪವಾದ ಈ ನೆಟ್ಟ ನೋಟದಿಂದಲೂ, ಮನುಷ್ಯನ ಮುಖದ ಎತ್ತರದ ಕೊಂಬೆಯಲ್ಲಿ ಇರುವ ರೂಢಿಯಿಂದಲೂ, ಇದು ಕಣ್ಣನ್ನೇ ಕುಕ್ಕುತ್ತದೆ ಎಂಬ ಮಾತು ಹುಟ್ಟಿರಬೇಕು. ಇದರ ಕುಲಕ್ಕೆ ಶಾಸ್ತ್ರಜ್ಞರು ಇಟ್ಟ ಅಹೇಟುಲ್ಲ ಎಂಬ ಹೆಸರು ಸಿಂಹಳ ಭಾಷೆಯದು, ಅರ್ಥ ಕಣ್ಣು ಕೀಳುವುದು ಎಂದು. ತಮಿಳಿನಲ್ಲಿಯೂ ಇದನ್ನು ಕಣ್ಣು ಕುಕ್ಕುವ ಹಾವೆಂದೇ ಕರೆಯುತ್ತಾರೆ. ಅಪವಾದವೊಂದು ಶಾಸ್ತ್ರೀಯ ನಾಮವಾಗಿ ನಿಂತುಬಿಟ್ಟ ಉದಾಹರಣೆಯಿದು. ಹಿಂದೆ ಇದನ್ನು ಶ್ರೀಲಂಕಾದ ಪ್ರಭೇದದೊಡನೆ ಒಂದೇ ಎಂದು ಎಣಿಸುತ್ತಿದ್ದರು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ದಕ್ಷಿಣ ಭಾರತದ ಬಯಲುಸೀಮೆಯ ಬಳ್ಳಿಹಾವನ್ನು ಅಹೇಟುಲ್ಲ ಆಕ್ಸಿರಿಂಕ ಎಂದು ಬೇರ್ಪಡಿಸಿತು, ಪಶ್ಚಿಮಘಟ್ಟದಿಂದ ಹೊಸ ಪ್ರಭೇದಗಳನ್ನೂ ಹೆಸರಿಸಿತು. ಹಾವನ್ನು ನೋಡುವುದೇ ವೃತ್ತಿಯಾದವರೂ ಎರಡು ಶತಮಾನ ಒಂದಾಗಿ ಕಂಡಿದ್ದನ್ನು ಈಗ ಬಿಡಿಸಿ ನೋಡುತ್ತಿರುವಾಗ, ಹಾವುಲೋಕವನ್ನೆಲ್ಲ ಒಂದು ಮುಕ್ಕೋನದಿಂದ ಎರಡಾಗಿ ಸೀಳಬಹುದೆಂಬ ಆತ್ಮವಿಶ್ವಾಸ ವಿಚಿತ್ರವಾಗಿ ಕಾಣುತ್ತದೆ. ಈ ಸಪೂರ ಬಳ್ಳಿಹಾವು ಕೂಡ ರೇಗಿದಾಗ ದವಡೆಗಳನ್ನು ಅಗಲಿಸಿ, ಬಾಯಿ ತೆರೆದು, ಮೈಯುಬ್ಬಿಸಿ ಹುರುಪೆಗಳ ನಡುವಿನ ಕಪ್ಪುಬಿಳಿ ಚರ್ಮವನ್ನು ತೋರಿಸುತ್ತದೆ. ನೀಳ ತಲೆ ಕ್ಷಣದಲ್ಲಿ ಮುಕ್ಕೋನವಾಗುತ್ತದೆ.

ಇದು ಆಕಸ್ಮಿಕವಲ್ಲ. ಮಂಡಲದ ಹಾವುಗಳ ತಲೆ ಅಗಲವಾಗಿರುವುದು ಅವುಗಳ ಕೆನ್ನೆಯಲ್ಲಿ ವಿಷಗ್ರಂಥಿಗಳೂ ಮಡಚಿಟ್ಟ ಉದ್ದ ಹಲ್ಲುಗಳೂ ಇರುವುದರಿಂದ. ಆ ಆಕಾರಕ್ಕೆ ಬೇಟೆಗಾರ ಪ್ರಾಣಿಗಳು ಹೆದರುವುದರಿಂದ, ವಿಷವಿಲ್ಲದ ಹಲವು ಹಾವುಗಳು ತಲೆಯನ್ನು ಚಪ್ಪಟೆ ಮಾಡಿ ಅದೇ ಆಕಾರವನ್ನು ನಟಿಸುವ ವಿದ್ಯೆ ಪಡೆದಿವೆ. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸ್ಪೇನ್ ದೇಶದ ಬಯಲಿನಲ್ಲಿ ಮೆತ್ತನೆಯ ಪ್ಲಾಸ್ಟಿಸಿನ್‌ನಿಂದ ಮಾಡಿದ ಹಾವಿನ ಮಾದರಿಗಳನ್ನು ಇರಿಸಿದಾಗ, ಮುಕ್ಕೋನ ತಲೆಯವುಗಳ ಮೇಲೆ ಹದ್ದುಗಿಡುಗಗಳ ದಾಳಿ ನೀಳ ತಲೆಯವುಗಳಿಗಿಂತ ಕಡಿಮೆಯಾಗಿತ್ತು. ಅಂದರೆ ಮುಕ್ಕೋನವು ವಿಷದ ಗುರುತಾಗಿರುವಂತೆಯೇ ವಿಷವಿಲ್ಲದವರ ವೇಷವೂ ಆಗಿದೆ. ಹದ್ದು ಮೋಸಹೋದರೆ ಹಾವು ಉಳಿಯುತ್ತದೆ. ಮನುಷ್ಯ ಮೋಸಹೋದಾಗ ಮಾತ್ರ ಆ ವೇಷವೇ ಹಾವಿನ ಸಾವಿಗೆ ಕಾರಣವಾಗುತ್ತದೆ, ಏಕೆಂದರೆ ಹದ್ದಿನ ಕೈಯಲ್ಲಿ ಬಡಿಗೆಯಿರುವುದಿಲ್ಲ.

ಹಾಗಾದರೆ ನಿಜವಾದ ಹಸಿರು ವಿಷಹಾವು ಯಾವುದು, ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಮಲೆನಾಡಿನಲ್ಲಿ ದೊರೆಯುತ್ತದೆ. ಬಿದಿರು ಗುಳಿಮಂಡಲ, ಮಲಬಾರ್ ಗುಳಿಮಂಡಲ ಇವೆರಡು ಕರ್ನಾಟಕದ ಹಸಿರು ವಿಷಮಂಡಲಗಳು. ಗುಳಿ ಎಂದರೆ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಇರುವ ಕುಳಿ. ಬೆಚ್ಚಗಿನ ಮೈಯ ಪ್ರಾಣಿ ಕತ್ತಲಲ್ಲಿ ಹತ್ತಿರ ಬಂದರೆ ಅದರ ಶಾಖವನ್ನು ಈ ಕುಳಿ ಗ್ರಹಿಸುತ್ತದೆ. ನೆತ್ತಿಯ ಮೇಲೆ ದೊಡ್ಡ ಫಲಕಗಳ ಬದಲು ಸಣ್ಣ ಹುರುಪೆಗಳು, ನೆಟ್ಟಗೆ ನಿಂತ ಸೀಳುಪಾಪೆ, ಕೊಂಬೆಯನ್ನು ಸುತ್ತಿ ಹಿಡಿಯುವ ಬಾಲ, ಒಂದೇ ಕಡೆ ಅಲ್ಲಾಡದೆ ಕುಳಿತು ಹೊಂಚುವ ಸ್ವಭಾವ ಇವು ಉಳಿದ ಲಕ್ಷಣಗಳು. ಬಿದಿರು ಗುಳಿಮಂಡಲವನ್ನು ಪ್ಯಾಟ್ರಿಕ್ ರಸೆಲ್ 1796ರ ತನ್ನ ಗ್ರಂಥದಲ್ಲಿ ಕೋರಮಂಡಲ ತೀರದ ಹಾವುಗಳ ನಡುವೆ ತೆಲುಗು ಹೆಸರಿನಿಂದಲೇ ವರ್ಣಿಸಿದ್ದನು; 1802ರಲ್ಲಿ ಜಾರ್ಜ್ ಷಾ ಅದಕ್ಕೆ ಲ್ಯಾಟಿನ್ ಹೆಸರು ಕೊಟ್ಟನು. ಮಲಬಾರ್ ಗುಳಿಮಂಡಲ ಪಶ್ಚಿಮಘಟ್ಟವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಆಗುಂಬೆಯಂಥ, ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಕಾಡಿನಲ್ಲಿ ಮಳೆಗಾಲದಲ್ಲಿ ಪೊದೆಯ ಮೇಲೆ, ತೊರೆಯ ಬಂಡೆಯ ಮೇಲೆ ಕಾಣಸಿಗುತ್ತದೆ. ವಿಶೇಷವೆಂದರೆ ಈ ಒಂದೇ ಪ್ರಭೇದ ಹಸಿರಾಗಿಯೂ ಕಂದಾಗಿಯೂ ಹಳದಿಯಾಗಿಯೂ ಇರುತ್ತದೆ, ಆದ್ದರಿಂದ ಹಸಿರು ವಿಷಹಾವು ಎಂಬ ವರ್ಗವೇ ಅದರ ಅರ್ಧ ಸಂತತಿಯನ್ನು ಹೊರಗಿಡುತ್ತದೆ.

ಇಲ್ಲಿ ಒಂದು ಮಾತನ್ನು ಒಪ್ಪಬೇಕು. ಆಗುಂಬೆಯ ಕೊಂಬೆಯೊಂದರ ಮೇಲೆ ಶಾಂತವಾಗಿ ಮಲಗಿದ ಗುಳಿಮಂಡಲವನ್ನೂ ಶಾಂತವಾಗಿ ಮಲಗಿದ ಬಳ್ಳಿಹಾವನ್ನೂ ಪಕ್ಕಪಕ್ಕದಲ್ಲಿ ಕಂಡವನಿಗೆ ತಲೆಯ ವ್ಯತ್ಯಾಸ ಢಾಳಾಗಿ ಗೋಚರಿಸುತ್ತದೆ, ಮುಕ್ಕೋನದ ನಿಯಮ ಅಷ್ಟರಮಟ್ಟಿಗೆ ನಿಜವೇ ಹೇಳುತ್ತದೆ. ಆದರೆ ಕಾಡಿನಲ್ಲಿ ಆ ಎರಡನ್ನು ಒಂದೆಂದು ತಪ್ಪಿ ತಿಳಿಯುವವರು ಕಡಿಮೆ, ಏಕೆಂದರೆ ಒಂದು ಹಗ್ಗದಂತೆ, ಇನ್ನೊಂದು ದಾರದಂತೆ ಇರುತ್ತದೆ. ನಿಯಮ ಬೇಕಿಲ್ಲದ ಕಡೆ ಸರಿಯಾಗಿದ್ದು, ಬೇಕಾದ ಕಡೆ ತಪ್ಪುವುದು ಅದರ ಗುಣಕ್ಕೆ ಸಾಕ್ಷಿಯಾಗದು. ಸೂಡಿಯ ಎರೆಹೊಲದಲ್ಲಂತೂ ಹೋಲಿಕೆಯ ಒಂದು ಬದಿಯೇ ಇಲ್ಲ: ಮಲೆಕಾಡಿನ ಗುಳಿಮಂಡಲ ಹೆಸರಿನ ಹೊಲಕ್ಕೆ ಬರುವುದಿಲ್ಲ. ಹಸಿರು ಮೈ, ಅಗಲ ತಲೆ ಎರಡೂ ಸೇರಿದ ಹಾವು ಅಲ್ಲಿ ಕಂಡರೆ ಅದು ಬಹುಮಟ್ಟಿಗೆ ಹೆದರಿದ ಕೀಲ್‌ಬ್ಯಾಕ್ ಆಗಿರುತ್ತದೆ.

ನಿಯಮದ ಇನ್ನೊಂದು ಬದಿ ಇದಕ್ಕಿಂತ ಭಾರವಾದ ತಪ್ಪು. ಈ ಸೀಮೆಯಲ್ಲಿ ಮನುಷ್ಯನ ಪ್ರಾಣ ತೆಗೆಯಬಲ್ಲ ಹಾವುಗಳು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು. ನಾಲ್ಕರಲ್ಲಿ ಒಂದೂ ಹಸಿರಲ್ಲ, ಮುಕ್ಕೋನ ತಲೆಯವು ಎರಡೇ. ನಾಗರಹಾವು ಹೆಡೆ ಬಿಚ್ಚುವುದರಿಂದ ತಲೆಯ ಆಕಾರವನ್ನು ಯಾರೂ ನೋಡಹೋಗುವುದಿಲ್ಲ, ಅದು ಆ ಮಟ್ಟಿಗೆ ಜನರ ಅದೃಷ್ಟ. ಕಟ್ಟುಹಾವಿನ ತಲೆ ಮಾತ್ರ ಕುತ್ತಿಗೆಗಿಂತ ಹೆಚ್ಚು ಅಗಲವಿಲ್ಲದ, ಮೊಂಡು ಮೂತಿಯ, ಗೋಡೆಪಟದ ಪ್ರಕಾರ ಸಾಧುವೆನಿಸುವ ತಲೆ. ಮಿರುಗುವ ಕರಿಮೈಯ ಮೇಲೆ ತೆಳುವಾದ ಬಿಳಿಯ ಅಡ್ಡಗೆರೆಗಳಿರುವ ಇದು ರಾತ್ರಿ ಮನೆಯೊಳಗೆ ಬರುತ್ತದೆ, ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ ಜಾಗದಲ್ಲಿ ನೋವಾಗಲಿ ಬಾವಾಗಲಿ ಹೆಚ್ಚಿಗೆ ಇರುವುದಿಲ್ಲ. ಹೊಟ್ಟೆನೋವು, ಜೋತುಬೀಳುವ ರೆಪ್ಪೆ, ತೊದಲುವ ಮಾತು ಕಾಣಿಸಿ ಉಸಿರಿನ ಸ್ನಾಯುಗಳು ಸೋಲುವ ಹೊತ್ತಿಗೆ ಬೆಳಗಾಗಿರುತ್ತದೆ. ಹಲ್ಲಿನ ಎರಡು ಗುರುತು ಇದ್ದರೆ ವಿಷ, ಇಲ್ಲದಿದ್ದರೆ ಇಲ್ಲ ಎಂಬ ಜೊತೆನಿಯಮ ಕೂಡ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಕಟ್ಟುಹಾವಿನ ಹಲ್ಲು ಚಿಕ್ಕದು, ಗುರುತು ಕಾಣದೆಯೂ ಇರಬಹುದು. ಇತ್ತ ಬಯಲುಸೀಮೆಯ ಬೆಕ್ಕುಹಾವು ಅಗಲ ತಲೆ, ಸೀಳುಪಾಪೆ, ಬೆನ್ನ ಮೇಲಿನ ಗುರುತು ಎಲ್ಲವನ್ನೂ ಹೊತ್ತು ಗರಗಸಮಂಡಲದಂತೆ ಕಂಡು ಸಾಯುತ್ತದೆ. ಸೀಳುಪಾಪೆಯ ನಿಯಮದಂತೆ ನಡೆದರೆ ಮಣ್ಣುಮುಕ್ಕ ಹಾವೂ ಹೆಬ್ಬಾವೂ ವಿಷದವಾಗುತ್ತವೆ, ನಾಗರಹಾವೂ ಕಟ್ಟುಹಾವೂ ವಿಷವಿಲ್ಲದವಾಗುತ್ತವೆ.

ಇಂಥ ನಿಯಮ ಎಲ್ಲಿಂದ ಬಂತು ಎಂದು ಕೇಳಿದರೆ, ಅದು ಸುಳ್ಳಾಗದ ದೇಶಗಳಿವೆ ಎಂಬುದನ್ನು ನೆನೆಯಬೇಕು. ಯುರೋಪಿನ ಬಹುಭಾಗದಲ್ಲಿ ಮನುಷ್ಯನಿಗೆ ಅಪಾಯಕಾರಿಯಾದ ಹಾವುಗಳೆಂದರೆ ಮಂಡಲಗಳೇ. ನಾಗರವೂ ಕಟ್ಟುಹಾವೂ ಅಲ್ಲಿಲ್ಲ. ಅಲ್ಲಿ ಅಗಲ ತಲೆಯನ್ನು ನೋಡಿ ದೂರ ಸರಿಯುವವನು ಹೆಚ್ಚಾಗಿ ಸರಿಯೇ ಮಾಡಿರುತ್ತಾನೆ. ಭಾರತಕ್ಕೆ ಹೊಂದುವ ಕ್ರಮವೂ ಇಲ್ಲದಿಲ್ಲ: ಫ್ರಾಂಕ್ ವಾಲ್ ಎಂಬ ಸೇನಾವೈದ್ಯ 1907ರಲ್ಲಿ ಹೊರತಂದ ಪುಸ್ತಕದಲ್ಲಿ ನೆತ್ತಿಯ ಹುರುಪೆಗಳ ಗಾತ್ರ, ಮೇಲ್ದುಟಿಯ ಮೂರನೆಯ ಫಲಕ ಕಣ್ಣನ್ನೂ ಹೊಳ್ಳೆಯನ್ನೂ ಮುಟ್ಟುತ್ತದೆಯೇ, ಬೆನ್ನಿನ ನಡುಸಾಲಿನ ಹುರುಪೆಗಳು ಷಟ್ಕೋನವಾಗಿ ದೊಡ್ಡದಾಗಿವೆಯೇ ಎಂಬಂಥ ಗುರುತುಗಳಿಂದ ಮಂಡಲ, ನಾಗರ, ಕಟ್ಟುಹಾವುಗಳನ್ನು ಬೇರ್ಪಡಿಸುವ ದಾರಿ ಇದೆ, ಅದು ಇಂದಿಗೂ ಪ್ರಾಣಿಶಾಸ್ತ್ರದ ಪಠ್ಯಗಳಲ್ಲಿ ಉಳಿದಿದೆ. ಆದರೆ ಆ ಕ್ರಮಕ್ಕೆ ಸತ್ತ ಹಾವು ಕೈಯಲ್ಲಿರಬೇಕು. ಅದನ್ನು ಹೊಲದಲ್ಲಿ ಬಳಸಲಾಗದೆಂದು ಮೊಟಕುಗೊಳಿಸುತ್ತ ಹೋಗಿ, ಕೊನೆಗೆ ಉಳಿದ ಗೋಡೆಪಟದ ಮುಕ್ಕೋನದಲ್ಲಿ ಕ್ರಮದ ಸತ್ಯವೂ ಉಳಿದಿಲ್ಲ, ಅದರ ಸಂಕೋಚವೂ ಉಳಿದಿಲ್ಲ.

ಇದಕ್ಕಿಂತ ಹಳೆಯ ದೇಶೀ ವಿಂಗಡಣೆ ತಲೆಯನ್ನು ಆಧಾರವಾಗಿ ಹಿಡಿದಿರಲಿಲ್ಲ ಎಂಬುದು ಗಮನಾರ್ಹ. ಸುಶ್ರುತ ಸಂಹಿತೆಯು ಹಾವುಗಳನ್ನು ದರ್ವೀಕರ, ಮಂಡಲಿ, ರಾಜಿಮಂತ ಎಂದು, ಅಂದರೆ ಸೌಟಿನಂಥ ಹೆಡೆಯವು, ಬೆನ್ನಿನ ಮೇಲೆ ವೃತ್ತಗಳಿರುವವು, ಗೆರೆಗಳಿರುವವು ಎಂದು ವಿಂಗಡಿಸಿ, ವಿಷವಿಲ್ಲದವನ್ನು ಬೇರೆಯಾಗಿ ಇಡುತ್ತದೆ. ಕನ್ನಡದಲ್ಲಿ ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯಕ್ಕೇ ಮೀಸಲಾದ ಗ್ರಂಥ. ಆ ಗ್ರಂಥಗಳ ಚಿಕಿತ್ಸೆಯನ್ನು ಇಂದು ಯಾರೂ ಅನುಸರಿಸಬೇಕಿಲ್ಲ, ಅನುಸರಿಸಲೂ ಬಾರದು. ಆದರೆ ಮಂಡಲದ ಹಾವು ಎಂಬ ಕನ್ನಡದ ಮಾತಿನಲ್ಲಿಯೇ ಬೆನ್ನಿನ ವೃತ್ತವನ್ನು ನೋಡು ಎಂಬ ಸೂಚನೆ ಅಡಗಿದೆ, ಅದು ಮುಕ್ಕೋನಕ್ಕಿಂತ ನಂಬಲರ್ಹವಾದ ಗುರುತು. ಟಂಕಸಾಲೆ ಇದ್ದ ಊರಿನಲ್ಲಿ ಹಳದಿಯಾದದ್ದೆಲ್ಲ ಹೊನ್ನೆಂದು ಯಾರೂ ಒಪ್ಪಿರಲಾರರು.

ಈ ಟೀಕೆಗೆ ಎದುರಾಗುವ ವಾದವೊಂದಿದೆ: ಪೂರ್ಣ ಜ್ಞಾನ ಎಲ್ಲರಿಗೂ ಸಿಗದು, ಏನೂ ಇಲ್ಲದಿರುವುದಕ್ಕಿಂತ ಸರಳ ನಿಯಮವೊಂದು ಮೇಲು, ತಪ್ಪಿದರೂ ಎಚ್ಚರಿಕೆಯ ಕಡೆಗೆ ತಪ್ಪುತ್ತದೆ. ಕೊನೆಯ ಮಾತು ನಿಜವಾಗಿದ್ದರೆ ವಾದ ನಿಲ್ಲುತ್ತಿತ್ತು. ಕಟ್ಟುಹಾವಿನ ವಿಷಯದಲ್ಲಿ ನಿಯಮವು ಎಚ್ಚರಿಕೆಯ ಕಡೆಗಲ್ಲ, ಸಾವಿನ ಕಡೆಗೆ ತಪ್ಪುತ್ತದೆ. ಇದು ಅರಿಯದವರ ತಪ್ಪು ಮಾತ್ರವೂ ಅಲ್ಲ. 1957ರ ಸೆಪ್ಟೆಂಬರಿನಲ್ಲಿ ಷಿಕಾಗೋ ನಗರದ ಫೀಲ್ಡ್ ವಸ್ತುಸಂಗ್ರಹಾಲಯದಲ್ಲಿ, ಅಮೆರಿಕದ ಹೆಸರಾಂತ ಸರೀಸೃಪತಜ್ಞ ಕಾರ್ಲ್ ಪ್ಯಾಟರ್ಸನ್ ಶ್ಮಿಟ್ ಅವರನ್ನು ಆಫ್ರಿಕದ ಬೂಮ್‌ಸ್ಲ್ಯಾಂಗ್ ಎಂಬ ಮರಹಾವಿನ ಮರಿಯೊಂದು ಹೆಬ್ಬೆರಳಿಗೆ ಕಚ್ಚಿತು. ಬಾಯಿಯ ಹಿಂಭಾಗದಲ್ಲಿ ವಿಷದ ಹಲ್ಲಿರುವ ಇಂಥ ಹಾವುಗಳನ್ನು ಆಗ ಹಗುರವಾಗಿ ಕಾಣುತ್ತಿದ್ದರು. ಚಿಕಿತ್ಸೆಗೆ ಹೋಗದೆ ತಮ್ಮ ಲಕ್ಷಣಗಳನ್ನು ಬರೆದಿಡುತ್ತಿದ್ದ ಶ್ಮಿಟ್ ಮರುದಿನವೇ ತೀರಿಕೊಂಡರು. 1975ರಲ್ಲಿ ಜರ್ಮನಿಯ ರಾಬರ್ಟ್ ಮೆರ್ಟೆನ್ಸ್ ಅವರು ಆಫ್ರಿಕದ ಕಡ್ಡಿಹಾವಿನ ಕಡಿತದಿಂದ ಸತ್ತರು. ಆ ಕಡ್ಡಿಹಾವಿನ ತಲೆ ನೀಳ, ಮೈ ಸಪೂರ, ಕಣ್ಣಿನ ಪಾಪೆ ಸೂಡಿಯ ಬಳ್ಳಿಹಾವಿನದರಂತೆಯೇ ಅಡ್ಡ ಬೀಗದಕಿಂಡಿ. ಒಂದು ಖಂಡದಲ್ಲಿ ನಿರುಪದ್ರವದ ಗುರುತಾಗಿರುವುದು ಇನ್ನೊಂದು ಖಂಡದಲ್ಲಿ ಕೊಲ್ಲುತ್ತದೆ, ಆದ್ದರಿಂದ ಗುರುತನ್ನು ಊರಿನಿಂದ ಬಿಡಿಸಿ ಕಲಿಸುವುದೇ ಮೂಲದೋಷ.

ನಿರುಪದ್ರವಿ ಎಂಬ ಪದವೂ ಈ ದೃಷ್ಟಿಯಿಂದ ತಿದ್ದುಪಡಿ ಬೇಡುತ್ತದೆ. ಬಳ್ಳಿಹಾವಿಗೆ ಬಾಯಿಯ ಹಿಂಭಾಗದಲ್ಲಿ ಸೌಮ್ಯ ವಿಷದ ಹಲ್ಲುಗಳಿವೆ, ಅದರಿಂದ ಓತಿಕ್ಯಾತ ಸಾಯುತ್ತದೆ, ಮನುಷ್ಯನಿಗೆ ಹೆಚ್ಚೆಂದರೆ ಬಾವು, ಉರಿ. ಕೀಲ್‌ಬ್ಯಾಕ್ ಈಗ ಸೇರಿರುವ ರ‍್ಯಾಬ್ಡೊಫಿಸ್ ಕುಲದಲ್ಲಿ ಜಪಾನಿನ ಒಂದು ಪ್ರಭೇದ ಮನುಷ್ಯರನ್ನು ಕೊಂದದ್ದುಂಟು. ಆದ್ದರಿಂದ ಹಸಿರು ಹಾವನ್ನು ಉಳಿಸಿರೆಂದರೆ ಅದನ್ನು ಕೈಯಲ್ಲಿ ಹಿಡಿದು ಆಡಿರೆಂದು ಅರ್ಥವಲ್ಲ. ಹಾವನ್ನು ಹಿಡಿದು ಚಿತ್ರ ತೆಗೆಸಿಕೊಳ್ಳುವ ಹೊಸ ಚಪಲಕ್ಕೂ ಬಡಿಗೆಯ ಹಳೆಯ ಚಪಲಕ್ಕೂ ಆಧಾರ ಒಂದೇ, ನೋಡಿದೊಡನೆ ತಿಳಿದುಬಿಟ್ಟೆ ಎಂಬ ಹಮ್ಮು.

ಗುರುತಿಸುವುದರ ಮೇಲೆಯೇ ಬದುಕು ನಿಂತಿದೆ ಎಂಬ ಭಾವನೆ ಈ ನಿಯಮದ ಕೊನೆಯ ಆಸರೆ, ಅದೂ ಗಟ್ಟಿಯಲ್ಲ. 2020ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000. ಕರ್ನಾಟಕ ಸರ್ಕಾರವು 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಹುಳ ಮುಟ್ಟಿತು ಎಂದು ಮೆಲ್ಲಗೆ ಹೇಳುವ ಹಳ್ಳಿಗಳಲ್ಲಿ ಈ ಸಾವುಗಳು ಸಂಭವಿಸುವುದು ಬಹುಪಾಲು ಸರಿಯಾಗಿ ಗುರುತಿಸದಿದ್ದರಿಂದಲ್ಲ, ಆಸ್ಪತ್ರೆಗೆ ತಡವಾಗಿ ಹೋದದ್ದರಿಂದ, ಅಥವಾ ಹೋಗದೆ ಇದ್ದದ್ದರಿಂದ. ಭಾರತದಲ್ಲಿ ದೊರೆಯುವ ಪ್ರತಿವಿಷವು ಮೇಲೆ ಹೇಳಿದ ನಾಲ್ಕೂ ಹಾವುಗಳ ವಿಷವನ್ನು ಕುದುರೆಗೆ ಚುಚ್ಚಿ ಪಡೆದ, ನಾಲ್ಕಕ್ಕೂ ಒಂದೇ ಆದ ಔಷಧ. ನಾಲ್ಕರಲ್ಲಿ ಯಾವುದು ಕಚ್ಚಿದರೂ ಬೇಕಾದುದು ಅದೇ. ಗುಳಿಮಂಡಲ ಕಚ್ಚಿದರೆ ಅದರಿಂದ ನೆರವು ನಿರೀಕ್ಷಿಸುವಂತಿಲ್ಲ, ಅಲ್ಲಿ ಬಾವು, ನೋವು, ರಕ್ತಸ್ರಾವಗಳಿಗೆ ತಕ್ಕ ಆರೈಕೆಯೇ ಗತಿ. ಕೆಲವರಿಗೆ ಒಗ್ಗದೆ ತೀವ್ರ ಅಲರ್ಜಿ ತರಬಲ್ಲ ಈ ಔಷಧವನ್ನು ಮನೆಯವರು ಹೇಳಿದ ತಲೆಯ ಆಕಾರವನ್ನು ನಂಬಿ ಯಾವ ವೈದ್ಯರೂ ಕೊಡುವುದಿಲ್ಲ. ಹಾವನ್ನು ಕೊಂದು ಚೀಲದಲ್ಲಿ ತರಲು ಹೋಗಿ ಎರಡನೆಯವರೂ ಕಚ್ಚಿಸಿಕೊಳ್ಳುವುದುಂಟು; ಕತ್ತರಿಸಿದ ತಲೆ ಕೂಡ ಸ್ವಲ್ಪ ಹೊತ್ತು ಕಚ್ಚಬಲ್ಲದು. ಕಚ್ಚಿಸಿಕೊಂಡವರನ್ನು ಅಲ್ಲಾಡಿಸದೆ, ಬಿಗಿಯಾಗಿ ಕಟ್ಟದೆ, ಗಾಯ ಕೊಯ್ಯದೆ, ಹತ್ತಿರದ ಆಸ್ಪತ್ರೆಗೆ ಒಯ್ದರೆ, ಅಲ್ಲಿ ರೆಪ್ಪೆ ಜೋತಿದೆಯೇ, ಒಸಡಿನಿಂದ ರಕ್ತ ಬರುತ್ತಿದೆಯೇ, ಉಸಿರು ಸರಾಗವಾಗಿದೆಯೇ ಎಂದು ನೋಡುತ್ತಾರೆ, ಒಣಗಿದ ಶುಚಿಯಾದ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ಕೊಳವೆಯನ್ನು ಒಮ್ಮೆ ಬಾಗಿಸಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ಪರೀಕ್ಷಿಸುತ್ತಾರೆ. ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ರಕ್ತವನ್ನು ಹೊಕ್ಕಿದೆ ಎಂದು ತಿಳಿದು ಪ್ರತಿವಿಷದ ಸೀಸೆಗಳನ್ನು ಒಡೆಯುತ್ತಾರೆ; ಹೆಪ್ಪುಗಟ್ಟಿದ್ದರೂ ಕಟ್ಟುಹಾವಿನ ಸಂಶಯವಿದ್ದರೆ ರೋಗಿಯನ್ನು ಮನೆಗೆ ಕಳಿಸದೆ ಇಡೀ ದಿನ ರೆಪ್ಪೆಯನ್ನೂ ಉಸಿರನ್ನೂ ಮತ್ತೆ ಮತ್ತೆ ನೋಡುತ್ತಾರೆ.